ಶನಿವಾರದ ಡೀಸೆಲ್

ಮೊನ್ನೆ ಮದುವೆಗೆಂದು ಹೊರಟಿದ್ದ ನಮ್ಮ ಜೀಪು ಹುಮನಾಬಾದಿನ ಹೆದ್ದಾರಿ ಪಕ್ಕದ ಪಂಪಿನಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಹೆಂಗಸರು ಸೀರೆ, ಬಳೆ ಅಂತ ಮಾತಿಗಿಳಿದಿದ್ದರು. ನಾನು ಕಿಟಕಿ ಪಕ್ಕ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದೆ. ಪಂಪಿನವನು ನಳಿಗೆ ತೆಗೆದದ್ದೇ ತಡ, ಡೀಸೆಲ್ಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. "ಇವತ್ತು ಯಾವ ವಾರಪ್ಪಾ?" ಅಂತ ಕೇಳಿದೆ. "ಶನಿವಾರ್ರೀ ಅಮ್ಮಾ, ಯಾಕ್ರಿ?" ಅಂದ ಡ್ರೈವರ್. ಏನಿಲ್ಲ ಅಂದೆ. ಏನಿಲ್ಲ ಅನ್ನುವಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಆ ವಾಸನೆ, ಆ ವಾರ ಎರಡೂ ಒಟ್ಟಿಗೆ ಬಂದರೆ ನನಗೆ ಇವತ್ತಿಗೂ ನಮ್ಮತ್ತೆ ನೆನಪಾಗುತ್ತಾರೆ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಎಲ್ಲಿ ನೋಡಿದರೂ ಡೀಸೆಲ್ಲಿಗೆ ಹಾಹಾಕಾರ ಎದ್ದಿದ್ದ ವರ್ಷ ಅದು. ನಮ್ಮ ಮನೆ ಬಸವಕಲ್ಯಾಣದಲ್ಲಿ, ಕೆರೆಯ ಹತ್ತಿರದ ಓಣಿಯಲ್ಲಿ. ನಾವು ಊರಿಗೆ ಬರೀ ಕಲ್ಯಾಣ ಅನ್ನುತ್ತೇವೆ. ನನ್ನ ಗಂಡ ಶರಣಪ್ಪ ಹುಮನಾಬಾದಿನ ಒಂದು ಗ್ಯಾರೇಜಿನಲ್ಲಿ ಲಾರಿ ಎಂಜಿನ್ನು ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಕಸುಬಿತ್ತು, ಆದರೆ ಗ್ಯಾರೇಜಿನ ಮಾಲಕ ಇವರನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಸ್ಪ್ಯಾನರ್ ಬೇಕಾದರೆ "ಏ ಕಲ್ಯಾಣಾ, ಪಾನಾ ತಾ" ಅಂತಲೇ ಕೂಗುವುದು. ಅದು ಇವರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಮನೆಗೆ ಬಂದು ಉಣ್ಣುವಾಗ, "ನನಗೂ ಒಂದು ಹೆಸರ ಅದ ಶಾಂತಾ" ಅಂತ ನನ್ನ ಮುಂದೆ ಹೇಳಿಕೊಳ್ಳುತ್ತಿದ್ದರು.

ಎಲ್ಲೋ ಆಣೆಕಟ್ಟಿನ ಕೆಲಸ ಮುಗಿಸಿ ಹೊರಟ ಗುತ್ತಿಗೆದಾರನೊಬ್ಬ ತನ್ನ ಸಾಹೇಬರನ್ನು ತಿರುಗಾಡಿಸುತ್ತಿದ್ದ ತಗಡಿನ ಮೋಟಾರು ದೋಣಿಯನ್ನು ಆ ಗ್ಯಾರೇಜಿನಲ್ಲಿ ಮಾರಲು ಇಟ್ಟಿದ್ದ. ಯಾರಿಗೆ ಬೇಕು ದೋಣಿ, ನಮ್ಮ ಸೀಮೆಯಲ್ಲಿ? ಅದರ ಮೇಲೆ ಕೋಳಿ ಮಲಗುತ್ತಿದ್ದವು. ನಮ್ಮವರು ಅದನ್ನು ತೆಗೆದುಕೊಂಡು, ಗುರುತಿನವರ ಲಾರಿ ಮೇಲೆ ಹೇರಿ ತಂದು, ತಿಂಗಳುಗಟ್ಟಲೆ ಬೆಸುಗೆ ಹಾಕಿ ನೀಲಿ ಬಣ್ಣ ಬಳಿದು ಶ್ರಾವಣದ ಹೊತ್ತಿಗೆ ಕೆರೆಗಿಳಿಸಿದರು. ಗ್ಯಾರೇಜು ಬಿಟ್ಟೇ ಬಿಟ್ಟರು. ಓಣಿಯ ಹಿರಿಯರು ಪಾಟೀಲರು. ದಂಡೆಯಲ್ಲಿ ದೋಣಿ ಕಟ್ಟಲು ಅವರು ಹೂಂ ಅಂದರು, ಆದರೆ ಒಂದು ಮಾತು ಹಾಕಿದರು. "ಪ್ರತಿ ಐತಾರ ನಡೀಬೇಕು ನೋಡು ಶರಣಪ್ಪಾ. ಸುತ್ತ ಹಳ್ಳಿ ಮಂದಿ ಆಸೆಯಿಂದ ಬರ್ತಾರ. ನಿಂತ ದೋಣಿ ನೋಡಿ ಹೊಳ್ಳಿ ಹೋದ್ರ ಊರಿನ ಇಜ್ಜತ್ ಹೋಗ್ತದ. ಯುಗಾದಿತನಕ ಬಿಡದಾಂಗ ನಡಸು. ಆಮ್ಯಾಲ ದಂಡಿ ನಿನ್ನದೇ."

ಮೊದಲ ಭಾನುವಾರ ಜಿಟಿಜಿಟಿ ಮಳೆ. ಆದರೂ ಜನ ಮುರಕೊಂಡು ಬಿದ್ದರು. ಮಂಠಾಳದವರು, ರಾಜೇಶ್ವರದವರು, ನಾರಾಯಣಪುರದ ಗುಡಿ ನೋಡಿ ಬಂದ ಹೊಸ ಗಂಡಹೆಂಡಿರು. ದಂಡೆ ಹಿಡಿದು ಕೆರೆಯ ಒಂದು ಸುತ್ತು ಹೊಡೆಸುವುದು, ಅಷ್ಟೇ. ಎಂಜಿನ್ನು ಡುಗುಡುಗು ಅನ್ನುವಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಮ್ಮ ಅತ್ತೆ ಗುರಮ್ಮ ಮಾತ್ರ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. "ಎಲ್ಲಿ ಹತ್ತಿದ್ರೋ ಅಲ್ಲೇ ಇಳೀತಾರ. ಇದಕ್ಯಾಕ ಎಂಜಿನ್ನು? ಕಣ್ಣ ಮುಚ್ಚಿ ಕಟ್ಟಿ ಮ್ಯಾಲ ಕುಂತ್ರ ಆತಲ್ಲ" ಅಂದರು. ಮಾತು ಹಾಗಿದ್ದರೂ, ದಾರಿಯಲ್ಲಿ ಹೋಗುವವರು "ಶರಣಪ್ಪನೋರ ಮನಿ ಇದೇ ಏನ್ರಿ?" ಅಂತ ಕೇಳಿದಾಗ ಅವರ ಮುಖ ಅರಳುತ್ತಿದ್ದುದನ್ನು ನಾನು ನೋಡಿದ್ದೇನೆ.

ತೊಡಕು ಶುರುವಾದದ್ದು ಡೀಸೆಲ್ಲಿನಿಂದ. ಕಲ್ಯಾಣದಲ್ಲಿ ಸಿಗುವುದು ನಿಂತುಹೋಯಿತು. ಹುಮನಾಬಾದಿನ ಪಂಪಿಗೆ ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಟ್ಯಾಂಕರ್ ಬರುತ್ತಿತ್ತು. ಹಂಚುವುದು ಶನಿವಾರ. ಭಾನುವಾರದ ಹೊತ್ತಿಗೆ ಪಂಪಿನ ಬಾಯಿಗೆ ಗೋಣಿಚೀಲ. ಅಂದರೆ ದೋಣಿ ಭಾನುವಾರ ನಡೆಯಬೇಕಾದರೆ ಶನಿವಾರವೇ ಕೊಳ್ಳಬೇಕು, ಬೇರೆ ದಾರಿಯೇ ಇಲ್ಲ. ನಮ್ಮ ಮನೆಯಲ್ಲಿ ಶನಿವಾರ ಎಣ್ಣೆ ಕೊಳ್ಳುವ ಹಾಗಿರಲಿಲ್ಲ.

ಶನಿವಾರ ಎಣ್ಣೆ ಕೊಳ್ಳಬಾರದು ಅನ್ನುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಮರೆತು ಕೊಂಡರೆ ಅಯ್ಯೋ ಅಂದು ಸುಮ್ಮನಾಗುತ್ತಾರೆ. ನಮ್ಮತ್ತೆಯದು ಹಾಗಲ್ಲ. ಅವರಿಗೆ ನಮ್ಮವರಿಗಿಂತ ದೊಡ್ಡ ಮಗನೊಬ್ಬನಿದ್ದ, ವೀರಣ್ಣ. ಒಂದು ಶನಿವಾರ ಮನೆಗೆ ಬೀಗರು ಬಂದಿದ್ದಾರೆ, ಡಬ್ಬಿಯಲ್ಲಿ ಎಣ್ಣೆಯಿಲ್ಲ. ಅತ್ತೆ ಗಾಣದ ಮನೆಗೆ ಓಡಿ ಕುಸುಬಿ ಎಣ್ಣೆ ತಂದರು. ಮರುದಿನ ಹುಡುಗನಿಗೆ ಜ್ವರ ಬಂತು. ಮುಂದಿನ ಶನಿವಾರ ಬರುವಷ್ಟರಲ್ಲಿ ಅವನಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಅವರ ಅತ್ತೆ, ಅಂದರೆ ಮನೆಯ ಹಿರಿಯಾಕೆ, "ಎಣ್ಣಿ ತಂದು ಮಗನ್ನ ಕಳಕೊಂಡಿ. ಇನ್ಯಾವ ಬಾಯಿಲೆ ಅಳ್ತಿ?" ಅಂದುಬಿಟ್ಟರಂತೆ. ಆವತ್ತಿನಿಂದ ನಮ್ಮತ್ತೆ ಆ ಮಗನ ಹೆಸರು ಎತ್ತಿ ಅತ್ತದ್ದನ್ನು ಯಾರೂ ಕಂಡಿಲ್ಲ. ಇದನ್ನು ನನಗೆ ಹೇಳಿದ್ದು ನಮ್ಮವರು, ಮದುವೆಯಾದ ಹೊಸದರಲ್ಲಿ, ದನಿ ತಗ್ಗಿಸಿ.

"ಅವ್ವಾ, ಡೀಸೆಲ್ ಎಣ್ಣಿ ಅಲ್ಲ. ಒಗ್ಗರಣಿಗಿ ಬರ್ತದೇನು ಅದು?" ಅಂತ ಇವರು ವಾದ ಮಾಡಿದರು.

"ಹಚ್ಚಿದ್ರ ಉರೀತದ, ಮುಟ್ಟಿದ್ರ ಜಾರ್ತದ. ಎಣ್ಣಿ ಅಲ್ದ ಮಜ್ಜಿಗಿ ಏನದು?" ಅಂದರು ಅತ್ತೆ. "ನನಗ ಇರಾವ ನೀ ಒಬ್ಬನ. ಅದೂ ನೀರಿನ ಮ್ಯಾಲ ಹೋಗಾವ. ನನ್ನ ಹೊಸ್ತಿಲಾ ದಾಟಿಸಬ್ಯಾಡ."

ಕಡೆಗೆ ಇವರೇ ಒಂದು ಉಪಾಯ ಹುಡುಕಿದರು. ಕೆರೆ ದಂಡೆಯಲ್ಲಿ ಬೇವಿನ ಮರದ ಕೆಳಗೆ ಮಾರುತಿಯ ಕಟ್ಟೆಯಿದೆ. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ತಲೆತಲಾಂತರದಿಂದ ಬಳಿದು ಬಳಿದು ಮೈಯೆಲ್ಲ ದಪ್ಪ ಕೆಂಪು ಪದರಾಗಿದ್ದ ದೇವರು. ಅದರಲ್ಲಿ ಒತ್ತಿದ ಎರಡು ಬೆಳ್ಳಿಯ ಕಣ್ಣು. ಶನಿವಾರ ತಂದ ಕ್ಯಾನನ್ನು ಆ ಕಟ್ಟೆಯ ಹಿಂದೆ ಇಟ್ಟು, ಭಾನುವಾರ ಬೆಳಕು ಹರಿದ ಮೇಲೆ ದೋಣಿಗೆ ಹಾಕುವುದು. ಮನೆಯ ಹೊಸ್ತಿಲಿಗೂ ಅದಕ್ಕೂ ಸಂಬಂಧವಿಲ್ಲ. "ದೇವರ ಬೆನ್ನಿಗೆ ಇಟ್ಟದ್ದು ಯಾರು ಕದೀತಾರ?" ಅಂತ ನಕ್ಕರು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗಂತೂ ತಾಯಿ ಮಗನ ಈ ಕರಾರು ಕೇಳಿ ನಗುವೇ ಬಂತು.

ಮಳೆ ಹಿಂದೆ ಸರಿದ ಮೇಲೆ ಪಂಪಿನಲ್ಲಿ ಗದ್ದಲ ಹೆಚ್ಚಿತು. ಹೊಲದ ಎಂಜಿನ್ನಿಗೆ ನೀರೆತ್ತಲು ಎಲ್ಲರಿಗೂ ಡೀಸೆಲ್ ಬೇಕು. ಒಂದು ಶನಿವಾರ ನಾನೂ ಇವರ ಜೊತೆ ಹೋದೆ. ಜನರೆಲ್ಲ ನೆರಳಿಗೆ ಕೂತಿದ್ದರು, ಬಿಸಿಲಲ್ಲಿ ಸಾಲು ಹಚ್ಚಿ ನಿಂತದ್ದು ಕ್ಯಾನುಗಳು. ಕ್ಯಾನು ಇದ್ದರೆ ಮನುಷ್ಯ ಇದ್ದ ಹಾಗೆ, ಅದನ್ನು ಸರಿಸುವವನು ಯಾರೂ ಇಲ್ಲ. ಗುರುತಿಗೆ ಒಬ್ಬೊಬ್ಬರು ಒಂದೊಂದು ಚಿಂದಿ ಕಟ್ಟಿದ್ದರು. ನಮ್ಮದಕ್ಕೆ ನನ್ನ ಹಳೆಯ ಸೀರೆಯ ಹಸಿರು ಅಂಚು. ನಮ್ಮ ಸರದಿ ಬಂದಾಗ ಪಂಪಿನವನು, "ಯಾವ ಬೆಳಿಗ್ರಿ ತಾಯಿ?" ಅಂದ.

"ಬೆಳಿಗಲ್ರಿ, ದೋಣಿಗಿ" ಅಂದೆ.

ಸಾಲಿನಲ್ಲಿ ನಗೆ ಎದ್ದಿತು. ಹಳದಿ ರುಮಾಲಿನ ಒಬ್ಬಾತ ಮಾತ್ರ ನಗಲಿಲ್ಲ. "ನನ್ನ ಕಬ್ಬು ಬಾಡಾಕತ್ತದ. ನಾವು ನೀರು ಎತ್ತಾಕ ಸಾಯಾಕತ್ತೀವಿ, ಇವರಿಗಿ ನೀರಿನ ಮ್ಯಾಲ ತೇಲಾಕ ಬೇಕಂತ" ಅಂದ. ಪಂಪಿನವನು ತಲೆ ಕೆರೆದುಕೊಂಡು, "ಹೊಲದವರದು ಮೊದಲಾಗ್ಲಿ. ಉಳಿದ್ರ ನಿಮಗ. ನಡೀತದೇನ್ರಿ?" ಅಂತ ಇವರನ್ನು ಕೇಳಿದ. "ನಡೀತದ್ರಿ" ಅಂದುಬಿಟ್ಟರು ಈ ಪುಣ್ಯಾತ್ಮ, ನಮ್ಮ ಕ್ಯಾನನ್ನು ತಾವೇ ಎತ್ತಿ ಸಾಲಿನ ತುದಿಗೆ ಒಯ್ದಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮರದಡಿ ಕೂತು, "ನಿಮಗ ಬಾಯಿ ಇಲ್ಲೇನ್ರಿ?" ಅಂತ ಜಗಳ ತೆಗೆದೆ.

"ಅಂವ ಖರೇನೇ ಅಂದಾನಲ್ಲ ಶಾಂತಾ. ಸಿಗಲಿಲ್ಲಂದ್ರ ಅಂವಂದು ವರ್ಷದ ಬೆಳಿ ಹೋಗ್ತದ. ನಂದು ಒಂದು ಐತಾರ ಹೋಗ್ತದ" ಅಂದರು. ಸಾಲಿನ ತುದಿಯಲ್ಲಿದ್ದ ನಮ್ಮ ಕ್ಯಾನಿನ ಕಡೆ ನೋಡಿ, "ಆದ್ರ ಐತಾರ ತಪ್ಪಿದ್ರ ಮತ್ತ ‘ಏ ಕಲ್ಯಾಣಾ’ ಅನಿಸ್ಕೊಳ್ಳೋದದ" ಅಂದರು. ಹೊತ್ತು ಮುಳುಗುವ ಮುಂಚೆ ಕ್ಯಾನಿನ ತಳ ಮುಚ್ಚುವಷ್ಟು ಸಿಕ್ಕಿತು. ಗುರುತಿನ ಲಾರಿ ಹಿಡಿದು ಕಲ್ಯಾಣಕ್ಕೆ ಬಂದೆವು. ಆ ಭಾನುವಾರವೂ ದೋಣಿ ನಡೆಯಿತು.

ಹೀಗೆ ಪ್ರತಿ ಶನಿವಾರ ಇವರು ಹುಮನಾಬಾದಿನ ಪಂಪಿನಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು, ಇಲ್ಲಿ ಅತ್ತೆ ಉಣ್ಣದೆ ಕಟ್ಟೆ ಮೇಲೆ ಕಾಯುವುದು. ಇವರು ಬಂದು ಮುಖ ತೋರಿಸಿದ ಮೇಲೆ ಅತ್ತೆ ಎದ್ದು, ಹಿತ್ತಾಳೆಯ ಗಿಂಡಿ ಹಿಡಿದು ಮಾರುತಿಗೆ ದೀಪ ಹಚ್ಚಲು ಹೋಗುತ್ತಿದ್ದರು. ಅದು ಅವರ ಹಳೆಯ ರೂಢಿ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಸೆರಗಿನಿಂದ ಡೀಸೆಲ್ ವಾಸನೆ ಬಂದಾಗ, ಮನೆಯ ಗಂಡಸಿನ ಅಂಗಿಯೇ ಡೀಸೆಲ್ಲು, ಎಲ್ಲವನ್ನೂ ಒಟ್ಟಿಗೆ ಒಗೆದದ್ದಕ್ಕೆ ಹತ್ತಿರಬೇಕು ಅಂದುಕೊಂಡೆ.

ದೀಪಾವಳಿ ಮುಗಿದು ಕೆರೆಯ ಮೇಲಿಂದ ತಣ್ಣನೆ ಗಾಳಿ ಬೀಸತೊಡಗಿತ್ತು. ಆ ಶನಿವಾರ ಅತ್ತೆ ಮಾರುತಿ ಕಟ್ಟೆಯಿಂದ ಬರಿಗೈಯಲ್ಲಿ ಓಡೋಡಿ ಬಂದರು. ಮುಖ ಬಿಳಿಚಿಹೋಗಿತ್ತು. ಕೇಳಿದರೆ ತಲೆನೋವು ಅಂದರು, ಉಣ್ಣಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಿಗ್ಗೆ ದಂಡೆಯಿಂದ ಗಲಾಟೆ ಕೇಳಿ ನಾವು ಹೋದೆವು. ಜನ ಮಾರುತಿಯ ಸುತ್ತ ನೆರೆದಿದ್ದರು. ದೇವರ ಮುಖವೇ ಇರಲಿಲ್ಲ. ದಪ್ಪ ಸಿಂಧೂರವೆಲ್ಲ ಮೆತ್ತಗಾಗಿ ಹೋಳುಹೋಳಾಗಿ ಜಾರಿ ಪಾದದ ಹತ್ತಿರ ಬಿದ್ದಿತ್ತು. ಒಂದು ಬೆಳ್ಳಿಯ ಕಣ್ಣು ಎದೆಯ ಮೇಲೆ ಅಂಟಿಕೊಂಡಿತ್ತು, ಇನ್ನೊಂದು ಮಣ್ಣಿನಲ್ಲಿ. ಒಳಗಿನ ಕರಿಕಲ್ಲು ಬೋಳಾಗಿ ಕಾಣುತ್ತಿತ್ತು. ಗಂ ಎಂದು ಡೀಸೆಲ್ ವಾಸನೆ. ಪೂಜಾರಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಇದ ದೋಣಿ ಕೆಲಸ. ಕ್ಯಾನು ತಂದು ದೇವರ ಬೆನ್ನಿಗಿ ಇಟ್ರ ಇನ್ನೇನಾಗ್ತದ?" ಅಂತ ಯಾರೋ ಅಂದರು. ಪಾಟೀಲರು ಕೋಲು ಊರಿಕೊಂಡು ಇವರನ್ನೇ ನೋಡುತ್ತಿದ್ದರು.

ನಮ್ಮವರ ಕಣ್ಣು ದೇವರ ಪಾದದ ಹತ್ತಿರ ನಿಂತಿತು. ಅಲ್ಲಿ ಬಿದ್ದದ್ದು ನಮ್ಮ ಮನೆಯ ಹಿತ್ತಾಳೆ ಗಿಂಡಿ. ನಾನೂ ನೋಡಿದೆ. ಇವರು ಸುಮ್ಮನೆ ಬಗ್ಗಿ ಅದನ್ನೆತ್ತಿ ಅಂಗಿಯೊಳಗೆ ಸೇರಿಸಿ, "ನನ್ನ ಕೈಲಿಂದನೇ ಆತ್ರಿ. ಕ್ಯಾನು ಎತ್ತೂಮುಂದ ಚೆಲ್ತು" ಅಂದರು.

"ಸುಳ್ಳು ಹೇಳಬ್ಯಾಡೋ" ಅಂತ ಹಿಂದಿನಿಂದ ದನಿ ಬಂತು. ಜನರನ್ನು ಸರಿಸಿಕೊಂಡು ಅತ್ತೆ ಮುಂದೆ ಬಂದರು. "ನಾ ಹಾಕೀನ್ರಿ ಪಾಟೀಲರೆ. ಶನಿವಾರ ಕೊಂಡ ಎಣ್ಣಿ ಮನಿಗಿ ಕೇಡು. ಅದ ಶನಿವಾರ ಮಾರುತಿಗಿ ಎಣ್ಣಿ ಹಾಕಿದ್ರ ಪುಣ್ಯ. ಮೊದಲಿನ ಗಿಂಡಿ ಅಂವಗ ಕೊಟ್ರ ಉಳಿದದ್ದು ಪ್ರಸಾದ ಆಗ್ತದ, ನನ್ನ ಮಗಗ ಏನೂ ಆಗೂದಿಲ್ಲ ಅಂತ ವಾರಾ ವಾರಾ ಹಾಕೀನಿ. ಹಳೀ ಎಣ್ಣಿ ಹಾಕಿದ್ರ ಆಗ್ತಿದ್ದಿಲ್ಲ, ಕೊಂಡದ್ದೇ ಕೊಡಬೇಕಲ್ರಿ."

ಪೂಜಾರಿ, "ದೇವರಿಗಿ ಲಾರಿ ಎಣ್ಣಿ ಹಾಕ್ತಾರೇನವ್ವಾ?" ಅಂತ ಗೋಳಾಡಿದ. ಅತ್ತೆ ಅವನ ಕಡೆ ತಿರುಗಿ, "ನನ್ನ ಮಗ ಇಡೀ ದಿನ ಬಿಸಲಾಗ ಕುಂತು ತಂದದ್ದದು" ಅಂದರು. ಬೈಯಬೇಕೆಂದು ಬಂದವರಿಗೂ ಆ ಮುದುಕಿಯನ್ನು ಏನೆಂದು ಬೈಯಬೇಕೋ ತಿಳಿಯಲಿಲ್ಲ. ಪಾಟೀಲರು ಕೋಲಿನಿಂದ ನೆಲ ಕೆದಕುತ್ತ ಹೇಳಿದರು. "ಶರಣಪ್ಪಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮಂದಿ ಬಾಯಿ ಹಿಡಿಯಾಕ ಆಗೂದಿಲ್ಲ. ದೋಣಿ ಎತ್ತಿಬಿಡು." ಯುಗಾದಿ ಇನ್ನೂ ದೂರವಿತ್ತು. ಇವರು ಹೂಂ ಎಂದು ತಲೆಯಾಡಿಸಿದರು.

ಜನ ಚದುರಿದ ಮೇಲೆ ಇವರು ಕ್ಯಾನಿನಲ್ಲಿ ಉಳಿದಿದ್ದ ಡೀಸೆಲ್ಲನ್ನು ಚೆಲ್ಲಲು ಹೊರಟರು. ಅತ್ತೆ ತಡೆದರು. "ದೇವರಿಗಿ ಕೊಟ್ಟು ಉಳಿದದ್ದು ಚೆಲ್ಲಬಾರದು. ನಡಿ, ನನಗೊಂದು ಸುತ್ತು ಹೊಡಸು." ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಅಲ್ಲಿಯವರೆಗೆ ಅವರು ಆ ದೋಣಿಯನ್ನು ಮುಟ್ಟಿರಲಿಲ್ಲ. ಕೈ ಹಿಡಿದು ಹತ್ತಿಸಿ ನಡುವೆ ಕೂರಿಸಿದೆವು. ದಂಡೆ ಹಿಡಿದು ದೋಣಿ ನಿಧಾನವಾಗಿ ಹೊರಟಿತು. ಜಾಲಿಗಿಡ, ಬಟ್ಟೆ ಒಗೆಯುವ ಕಲ್ಲು, ಎಮ್ಮೆ, ಎಲ್ಲ ಒಂದೊಂದಾಗಿ ಹಿಂದೆ ಹೋದವು. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದ ಬಿಗಿಗೆ ಬಳೆ ಚುಚ್ಚುತ್ತಿತ್ತು.

ಅರ್ಧ ಕೆರೆ ದಾಟಿದ ಮೇಲೆ, "ಶರಣ್ಯಾ, ಇಷ್ಟು ಶನಿವಾರ ಎಣ್ಣಿ ಕೊಂಡಿ. ನಿನಗೇನೂ ಆಗಲಿಲ್ಲ" ಅಂದರು.

"ಇಲ್ಲವ್ವಾ."

"ನಾ ಮಾರುತಿಗಿ ಕೊಟ್ಟೀನಂತ ಆಗಲಿಲ್ಲೋ, ಕೊಡದಿದ್ರೂ ಆಗ್ತಿದ್ದಿಲ್ಲೋ?"

ಇವರು ಚುಕ್ಕಾಣಿ ಹಿಡಿದು ನೀರನ್ನೇ ನೋಡುತ್ತಿದ್ದರು. "ಕೊಡದಿದ್ರೂ ಆಗ್ತಿದ್ದಿಲ್ಲವ್ವಾ" ಅಂದರು. ದೋಣಿ ಹೊರಟಲ್ಲಿಗೇ ಬಂದು ನಿಂತಿತು.

ವಾರದೊಳಗೆ ದೋಣಿ ಮತ್ತೆ ಲಾರಿ ಹತ್ತಿ ಹೋಯಿತು. ಇವರು ಹುಮನಾಬಾದಿನ ಅದೇ ಗ್ಯಾರೇಜಿಗೆ ಮರಳಿದರು. ಮಾಲಕ ಏನೆಂದು ಕರೆದನೋ ನಾನು ಕೇಳಲಿಲ್ಲ. ಪೂಜಾರಿ ದೇವರಿಗೆ ಹೊಸ ಸಿಂಧೂರ ಬಳಿದು ಕಣ್ಣು ಕೂರಿಸಿದ, ತೆಳ್ಳಗಿನ ಆ ಹೊಸ ಮುಖ ನೋಡಿದಾಗಲೆಲ್ಲ ನನಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಆಗುತ್ತಿತ್ತು.

ಆಮೇಲೆ ಬಂದ ಒಂದು ಶನಿವಾರ ಅತ್ತೆ ಒಂದು ಬಾಟಲಿ ತಂದು ನನ್ನ ಕೈಗಿಟ್ಟರು. "ಗಾಣದ ಮನಿಗಿ ಹೋಗಿ ಕುಸುಬಿ ಎಣ್ಣಿ ತೊಗೊಂಡು ಬಾ."

"ಇವತ್ತು ಶನಿವಾರ ಅದ್ರಿ ಅತ್ತಿ."

"ಗೊತ್ತದ."

"ಬರೂಮುಂದ ಮಾರುತಿಗಿ ಹಾಕಿ ಬರ್ಲೇನ್ರಿ?"

"ಬ್ಯಾಡ. ಒಂದು ಹನಿನೂ ಹಾಕಬ್ಯಾಡ."

ಆಗ ನನಗೆ ಅರ್ಥವಾಯಿತು, ವೀರಣ್ಣ ಹೋದದ್ದು ಆ ಎಣ್ಣೆಯಿಂದಲೋ ಅಲ್ಲವೋ ಅಂತ ಅತ್ತೆ ನೋಡಲು ಹೊರಟಿದ್ದರು. ಅಷ್ಟು ದಿನ ಅವರ ಭಯವನ್ನು ನೋಡಿ ಒಳಗೊಳಗೆ ನಕ್ಕವಳು ನಾನು. ಆದರೆ ಆ ಬಾಟಲಿ ಹಿಡಿದು ಹೊಸ್ತಿಲು ದಾಟುವಾಗ ನನಗೇ ಆ ಭಯ ಹತ್ತಿತು. ಅವರಿಗೆ ಮಗನಾದರೆ ನನಗೆ ಗಂಡ. ಈ ಮುದುಕಿಗೆ ಇದೆಂಥ ಹಟ, ಇವರೇ ಬೇಕಿತ್ತೇ ಪರೀಕ್ಷೆಗೆ ಅಂತ ಸಿಟ್ಟು ನೆತ್ತಿಗೇರಿತ್ತು. ಸಂಜೆ ಇವರು ಬಂದು ಉಣ್ಣಲು ಕೂತಾಗ ಅಡಗಿಸಲಾಗದೆ ಎಲ್ಲ ಹೇಳಿಬಿಟ್ಟೆ. ಇವರು ತಾಯಿಯ ಮುಖ ನೋಡಿದರು. ತಾಟನ್ನು ಮುಂದೆ ಸರಿಸಿ, "ಹಾಕವ್ವಾ, ಹಿಂಡಿ ಒಣಗ್ಯದ" ಅಂದರು. ಅತ್ತೆ ತಮ್ಮ ಕೈಯಿಂದಲೇ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಮೇಲೆ ಎಣ್ಣೆ ಸುರಿದರು. "ಇನ್ನೂ ಜರಾ ಹಾಕು" ಅಂದರು ಇವರು, ರೊಟ್ಟಿ ಅದ್ದಿ ಅದ್ದಿ ಉಂಡರು.

ಆ ವಾರ ನಮ್ಮ ಮನೆಯಲ್ಲಿ ಮೂವರೂ ಮುಂದಿನ ಶನಿವಾರಕ್ಕೆ ದಿನ ಎಣಿಸುತ್ತಿದ್ದೆವು. ಇವರು ಒಮ್ಮೆ ಸೀನಿದರೆ ಅತ್ತೆ ಎದ್ದು ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಇವರು ಅದಕ್ಕಾಗಿಯೇ ಎಂಬಂತೆ ಹಣೆ ಕೊಟ್ಟು ಕೂರುತ್ತಿದ್ದರು.

ಮುಂದಿನ ಶನಿವಾರ ಬಂತು. ಇವರು ಎದ್ದು ಸ್ನಾನ ಮಾಡಿ, ಚಹಾ ಕುಡಿದು, ಬುತ್ತಿ ಹಿಡಿದು, "ಬರ್ತೀನವ್ವಾ" ಅಂತ ಹೊರಟರು. ಅತ್ತೆ ಬಾಗಿಲಲ್ಲಿ ನಿಂತು ಅವರು ಓಣಿಯ ತಿರುವು ದಾಟುವವರೆಗೂ ನೋಡಿದರು. ಆಮೇಲೆ ಅಡುಗೆಮನೆಗೆ ಬಂದು, ಎಣ್ಣೆಯ ಬಾಟಲಿಯನ್ನು ಗೂಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತರು. "ವೀರಣ್ಣಾ" ಅಂದರು. ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮತ್ತೆ "ನನ್ನ ವೀರಣ್ಣಾ" ಅಂತ ಕೂಗಿ ಅಳತೊಡಗಿದರು, ಮಗ ಈಗತಾನೇ ಹೋದ ಹಾಗೆ. ಪಕ್ಕದ ಮನೆಯವರು ಓಡಿ ಬಂದು ಏನಾಯಿತು, ಯಾರು ಹೋದರು ಅಂತ ಗಾಬರಿಯಿಂದ ಕೇಳಿದರು. ನಾನು ಅತ್ತೆಯ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು, "ನಮ್ಮ ಭಾವನೋರು" ಅಂದೆ.